ಎತ್ತರದ ಮುಂದೆ ಒಂದು ಗೀಟು

ಹುಡುಗಿಯನ್ನು ಮೊದಲ ಸಲ ನೋಡಿದ ದಿನ ಆಕೆಯ ಎತ್ತರ ಅಳೆದಿದ್ದೆ ಎಂದು ನನಗೆ ಚೆನ್ನಾಗಿ ನೆನಪಿದೆ. ಕ್ಲಿನಿಕ್ಕಿನ ಗೋಡೆಗೆ ಅಂಟಿಸಿದ ಜಿರಾಫೆಯ ಪಟ್ಟಿ, ಅದಕ್ಕೆ ಬೆನ್ನು ಕೊಟ್ಟು ನಿಂತ ಹುಡುಗಿ, ತಲೆಯ ಮೇಲೆ ನಾನು ಅಡ್ಡ ಹಿಡಿದ ರಟ್ಟು, ಎಲ್ಲವೂ ಕಣ್ಣಿಗೆ ಕಟ್ಟಿದಂತಿದೆ. ಕೇಸ್ ಪೇಪರು ಹಾಗೆ ಹೇಳುವುದಿಲ್ಲ. ತೂಕ ಬರೆದಿದ್ದೇನೆ. ಎತ್ತರದ ಮುಂದೆ ಒಂದು ಗೀಟು ಎಳೆದಿದ್ದೇನೆ. ಎರಡನೆಯ ಭೇಟಿಯಲ್ಲೂ ಗೀಟು, ಮೂರನೆಯದರಲ್ಲೂ ಗೀಟು. ಅಕ್ಷರ ನನ್ನದೇ.

ಹಾಗಾಗಿ ಇದನ್ನು ಬರೆಯುವಾಗ ಆ ಕಾಗದಗಳನ್ನು ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ. ನೆನಪು ಒಂದು ಹೇಳಿ ಕಾಗದ ಇನ್ನೊಂದು ಹೇಳಿದ ಕಡೆ ಎರಡನ್ನೂ ಬರೆಯುತ್ತೇನೆ.

ನಾನು ಬಾಗಲಕೋಟೆಯಲ್ಲಿ ಮಕ್ಕಳ ಡಾಕ್ಟರು. ಗುರುವಾರ ಮಾತ್ರ ಇಲಕಲ್ಲಿನಲ್ಲಿ ಕೂರುತ್ತೇನೆ. ಆ ಗುರುವಾರ ಆರೂವರೆ ವರ್ಷದ ಹುಡುಗಿಯನ್ನು ಅವಳ ತಾಯಿ ಕಂಕುಳಲ್ಲಿ ಎತ್ತಿಕೊಂಡೇ ಬಂದಿದ್ದಳು. ತಂದೆ ಪವರ್‌ಲೂಮಿನಲ್ಲಿ ಕೆಲಸ ಮಾಡುವವನು. ತಾಯಿ ಮನೆಯಲ್ಲೇ ಹೊಲಿಗೆ ಹಾಕುತ್ತಿದ್ದಳು, ಮಕ್ಕಳ ಲಂಗ, ಹೆಂಗಸರ ಕುಬಸ. ಹುಡುಗಿ ಒಂದು ವರ್ಷದಿಂದ ಮೇಲಿಂದ ಮೇಲೆ ಬೀಳುತ್ತಿದ್ದಳು. ಬೇರೊಂದು ಊರಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಲಿವರಿನ ಎರಡು ಅಂಕಿಗಳು ಬಹಳ ಮೇಲಿದ್ದವು. ಅದನ್ನು ನೋಡಿ ಕಾಮಣಿ ಎಂದು ತೀರ್ಮಾನಿಸಿ ಐದು ತಿಂಗಳು ಎಣ್ಣೆ ಬಿಡಿಸಿದ್ದರು, ಎಲೆಯ ರಸ ಕುಡಿಸಿದ್ದರು. ಕಣ್ಣು ಒಂದು ದಿನವೂ ಹಳದಿಯಾಗಿರಲಿಲ್ಲ.

ಆ ಎರಡು ಅಂಕಿಗಳು ಲಿವರಿನಿಂದ ಮಾತ್ರವಲ್ಲ, ಒಡೆಯುತ್ತಿರುವ ಸ್ನಾಯುವಿನಿಂದಲೂ ಏರುತ್ತವೆ. ನಾನು ಮೀನಖಂಡ ಮುಟ್ಟಿ ನೋಡಿದೆ. ರಬ್ಬರಿನಂತೆ ಗಟ್ಟಿ, ವಯಸ್ಸಿಗೆ ಮೀರಿ ದಪ್ಪ.

"ಕಾಲಾಗ ಶಕ್ತಿ ಐತ್ರಿ ಸರ, ನೋಡ್ರಿ ಎಷ್ಟ ದಪ್ಪ ಅದಾವ," ಎಂದಳು ತಾಯಿ. "ಬೀಳೂದು ಯಾಕಂತ ತಿಳಿವಲ್ದು."

ನೆಲದ ಮೇಲೆ ಚಾಪೆ ಹಾಸಿ ಹುಡುಗಿಯನ್ನು ಕೂರಿಸಿದೆ. ಮುಖ ನೋಡುತ್ತ ಮಾತಾಡಲೆಂದು ನಾನೂ ಎದುರಿಗೆ ಕುಳಿತೆ. ಏಳು ಎಂದೆ. ಅವಳು ಮೊದಲು ಹೊಟ್ಟೆಯ ಕಡೆ ತಿರುಗಿ ಅಂಗೈ ಊರಿದಳು, ಹಿಂಭಾಗ ಮೇಲೆತ್ತಿದಳು, ಒಂದು ಕೈ ಮೊಣಕಾಲಿಗೆ, ಇನ್ನೊಂದು ತೊಡೆಗೆ, ತನ್ನ ಮೈಯನ್ನೇ ಏಣಿ ಮಾಡಿಕೊಂಡು ಹತ್ತಿ ನಿಂತಳು. ಸೊಂಟದ ಸ್ನಾಯು ಸೋತ ಮಗು ಏಳುವುದು ಹೀಗೆಯೇ. ನಿಂತ ಮೇಲೆ ಸೊಂಟ ಮುಂದೆ ಬಾಗಿತು, ಹಿಮ್ಮಡಿ ನೆಲ ಮುಟ್ಟಲಿಲ್ಲ.

"ಈಗ ನೀವು ಏಳ್ರಿ ನೋಡೂನು," ಎಂದಳು.

"ನಾ ಯಾಕವ್ವ?"

"ನೀವೂ ಕೆಳಗ ಕುಂತೀರಲ್ಲ!"

ನನಗೆ ಐವತ್ತಮೂರು. ಮೊಣಕಾಲಿಗೆ ಕೈ ಕೊಟ್ಟೇ ಎದ್ದೆ.

"ಯವ್ವಾ, ಡಾಕ್ಟರಿಗೂ ಅದ ಆಗೈತಿ ನೋಡಬೇ!"

ಸಿ.ಕೆ. ಎಂಬ ರಕ್ತ ಪರೀಕ್ಷೆ ಸ್ನಾಯು ಎಷ್ಟು ಒಡೆಯುತ್ತಿದೆ ಎಂಬುದನ್ನು ಹೇಳುತ್ತದೆ. ನೂರೈವತ್ತರ ಆಸುಪಾಸು ಇರಬೇಕಾದದ್ದು ಹದಿನಾಲ್ಕು ಸಾವಿರ ಇತ್ತು.

ಎದುರಿಗಿದ್ದದ್ದು ಗಂಡು ಮಗುವಾಗಿದ್ದರೆ ಡುಶೆನ್ ಎಂದು ಆ ಗಳಿಗೆಯೇ ಬರೆಯುತ್ತಿದ್ದೆ. ಸ್ನಾಯು ಕ್ಷೀಣಿಸುವ ಈ ರೋಗದ ದೋಷ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಗಂಡಿಗೆ ಎಕ್ಸ್ ಒಂದೇ. ಅದು ಕೆಟ್ಟಿದ್ದರೆ ರೋಗ. ಹೆಣ್ಣಿಗೆ ಎರಡು, ಒಂದು ಕೆಟ್ಟರೂ ಇನ್ನೊಂದು ಹೇಗೋ ಸಂಭಾಳಿಸುತ್ತದೆ. ತಾಯಿ ಆರೋಗ್ಯವಾಗಿರುತ್ತಾಳೆ, ಮಗ ಬೀಳುತ್ತಾನೆ. ಹೆಣ್ಣು ಮಗು ಗಂಡು ಮಗುವಿನಷ್ಟೇ ತೀವ್ರವಾಗಿ ಬೀಳುವುದು ತೀರ ವಿರಳ.

ನಮ್ಮ ಕಡೆಯ ಡಾಕ್ಟರುಗಳಿಗೆ ಇನ್ನೊಂದು ರೂಢಿಯಿದೆ. ಮಗುವಿನ ಹೆಸರು ಬರೆದ ಕೂಡಲೇ ತಂದೆತಾಯಿ ಸಂಬಂಧದವರೇ ಎಂದು ಕೇಳುತ್ತೇವೆ. ಈ ತಾಯಿಯನ್ನು ಸೋದರತ್ತೆಯ ಮಗನಿಗೆ ಕೊಟ್ಟಿದ್ದರು. ವಂಶದ ನಕ್ಷೆಯಲ್ಲಿ ಗಂಡ ಹೆಂಡಿರ ನಡುವೆ ಒಂದು ಗೆರೆಯ ಬದಲು ಎರಡು ಗೆರೆ ಎಳೆದೆ. ಎರಡು ಗೆರೆ ಬಿದ್ದರೆ ಅರ್ಧ ಯೋಚನೆ ಮುಗಿದಂತೆ: ಎರಡೂ ಕಡೆಯಿಂದ ಅದೇ ದೋಷ ಬಂದು ಮಗುವಿನಲ್ಲಿ ಕೂಡಿದೆ. ಹಾಗೆ ಬರುವ ಸ್ನಾಯುರೋಗಗಳ ಗುಂಪೇ ಒಂದಿದೆ; ಹುಡುಗ ಹುಡುಗಿ ಎಂಬ ಭೇದ ಅದಕ್ಕಿಲ್ಲ. ಅದನ್ನೇ ಬರೆದೆ. ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೆ ಎಂದು ನೆನಪು. ಕಾಗದದಲ್ಲಿ ಇಲ್ಲ.

ಅದೇ ನಕ್ಷೆಯಲ್ಲಿ ತಾಯಿಯ ಅಣ್ಣನದೊಂದು ಚೌಕವಿದೆ. ಪಕ್ಕದಲ್ಲಿ ಹೀಗೆ ಬರೆದಿದ್ದೇನೆ: 'ಮರದಿಂದ ಬಿದ್ದು ಬೆನ್ನಿಗೆ ಪೆಟ್ಟು, ನಡಿಗೆ ಹೋಯಿತು, ಹತ್ತೊಂಬತ್ತಕ್ಕೆ ಸಾವು.' ತಾಯಿ ಅದನ್ನು ಹೇಳಿದ ರೀತಿ ಮರೆಯುವಂಥದಲ್ಲ.

"ಹುಣಸಿ ಗಿಡದಿಂದ ಬಿದ್ದನ್ರಿ. ನಾ ಕಣ್ಣಾರೆ ನೋಡೇನಿ. ಟೊಂಗಿ ಮುರದ ಸಪ್ಪಳ ಇನ್ನೂ ಕಿವ್ಯಾಗ ಐತಿ."

ಪೆಟ್ಟು ಎಂದರೆ ರೋಗವಲ್ಲ. ನಾನು ಮುಂದೆ ಹೋದೆ.

ಆ ಗುಂಪಿನ ಜೀನುಗಳ ಪರೀಕ್ಷೆಗೆ ರಕ್ತ ಕಳಿಸಿದೆ. ಆರು ವಾರಕ್ಕೆ ಬಂದ ವರದಿಯಲ್ಲಿ ಏನೂ ಸಿಕ್ಕಿರಲಿಲ್ಲ. ಸಿಗದಿದ್ದರೆ ಇಲ್ಲವೆಂದಲ್ಲ, ಹುಡುಕಿದ ಕಡೆ ಕಾಣಲಿಲ್ಲ ಅಷ್ಟೇ, ಎಂದು ತಾಯಿಗೆ ವಿವರಿಸಿದೆ. ಮಾತು ಸರಿಯಾಗಿತ್ತು. ಹಾಗಿದ್ದರೆ ಬೇರೆ ಕಡೆ ಹುಡುಕಬೇಕು ಎಂದು ನನಗೇ ಹೇಳಿಕೊಳ್ಳಲಿಲ್ಲ.

ಆ ಎರಡನೆಯ ಭೇಟಿಗೆ ತಾಯಿಯ ಜೊತೆ ಅವಳ ತಂಗಿಯೂ ಬಂದಿದ್ದಳು. ಇಪ್ಪತ್ತೆರಡರ ಹುಡುಗಿ, ಡಿಗ್ರಿ ಮುಗಿಸಿದವಳು. ಅಕ್ಕ ಹೊರಗೆ ಹೋಗುವವರೆಗೂ ಕಾದು ನಿಂತಳು.

"ಸರ, ನನ್ನ ಮದಿವಿ ಗೊತ್ತಾಗೇತ್ರಿ. ನನ್ನ ಮಕ್ಕಳಿಗೂ ಹಿಂಗ ಆಕ್ಕೈತೇನ್ರಿ?"

"ಹುಡುಗ ಸಂಬಂಧದಾವನೇನು?"

"ಇಲ್ರಿ, ಹೊರಗಿನವರು. ಕೆರೂರವರು."

"ಹಂಗಾರ ಚಿಂತಿ ಬಿಡು. ನಕ್ಕೋತ ಮದಿವಿ ಮಾಡ್ಕೋ."

ಈ ಮಾತು ಯಾವ ಕಾಗದದಲ್ಲೂ ಇಲ್ಲ. ಅವಳು ನನ್ನ ರೋಗಿಯಲ್ಲ, ಅವಳ ಹೆಸರಿನ ಚೀಟಿಯೂ ಇರಲಿಲ್ಲ. ಈ ಇಡೀ ಪ್ರಕರಣದಲ್ಲಿ ಕಾಗದದ ಸಾಕ್ಷಿಯಿಲ್ಲದೆ ನಾನು ಖಚಿತವಾಗಿ ನೆನಪಿಟ್ಟುಕೊಂಡ ಸಂಗತಿ ಇದೊಂದೇ.

ಸುಮಾರು ಎಂಟು ತಿಂಗಳು ನಾವು ತಪ್ಪು ಹೆಸರಿನ ಕೆಳಗೆ ಸರಿಯಾದ ಕೆಲಸಗಳನ್ನೇ ಮಾಡಿದೆವು. ದಿನಕ್ಕೆರಡು ಬಾರಿ ಹಿಮ್ಮಡಿಯ ನರ ಎಳೆದು ಸಡಿಲಿಸುವುದನ್ನು ತಾಯಿ ಕಲಿತಳು. ಮಲಗುವಾಗ ಪಾದವನ್ನು ನೇರ ಹಿಡಿಯುವ ಪ್ಲಾಸ್ಟಿಕ್ಕಿನ ಕಟ್ಟು ಮಾಡಿಸಿದೆ. ಅದರ ಪಟ್ಟಿ ಒರೆದು ಹುಡುಗಿಯ ಚರ್ಮ ಕೆಂಪಾಗುತ್ತಿತ್ತು. ಹತ್ತಿ ತುಂಬಿದ ಬಟ್ಟೆಯ ಪಟ್ಟಿಗಳನ್ನು ತಾನೇ ಹೊಲಿದು ತರುತ್ತೇನೆ ಎಂದು ತಾಯಿ ಹೇಳಿದಳು. ಮೂರನೆಯ ಭೇಟಿಗೆ ತಂದಳು. ಹೊಲಿಗೆ ನೋಡಿದರೆ ಯಾವ ಅಂಗಡಿಯದೂ ಅದರ ಮುಂದೆ ನಿಲ್ಲುವಂತಿರಲಿಲ್ಲ.

"ಪಟ್ಟಿ ಒಂದೆರಡು ಬಟ್ಟು ಉದ್ದ ಬಿಡಬೇಕಿತ್ತು," ಎಂದೆ. "ಬೆಳಿಯೂ ಕೂಸು."

"ಈಕಿಗೆ ಬಿಟ್ಟು ಉಪಯೋಗಿಲ್ರಿ ಸರ."

"ಯಾಕ?"

ಅವಳು ಮಗಳ ಲಂಗದ ಅಂಚನ್ನು ತಿರುಗಿಸಿ ತೋರಿಸಿದಳು. ಒಳಗೆ ನಾಲ್ಕು ಬೆರಳಗಲದ ಮಡಿಕೆ, ಮೇಲೆ ಸಡಿಲ ಹೊಲಿಗೆ. "ಸಣ್ಣ ಮಕ್ಕಳ ಅರಿಬಿಗೆ ಹಿಂಗ ಮಡಚಿ ಬಿಟ್ಟಿರತೇವ್ರಿ, ಬೆಳದಂಗ ಬಿಚ್ಚಾಕ. ಓಣ್ಯಾಗಿನ ಹುಡುಗ್ಯಾರದು ಎಲ್ಲಾರದೂ ಎರಡೆರಡ ಸಲ ಬಿಚ್ಚೇನಿ. ಈಕಿದು ಮೂರ ವರ್ಷದ ಲಂಗ. ಒಂದ ಸಲನೂ ಬಿಚ್ಚಿಲ್ಲ."

"ಅವ್ವ ನಂಗ ಹೊಸಾದು ಹೊಲಿಯೂದ ಇಲ್ರಿ," ಎಂದಳು ಹುಡುಗಿ. "ಹಳೇದು ಬರ್ತೈತಿ, ಹಳೇದು ಬರ್ತೈತಿ ಅಂತಾಳ."

"ಕುತ್ತಿಗಿದೂ ಅಷ್ಟ ನೋಡ್ರಿ," ತಾಯಿ ಮುಂದುವರಿಸಿದಳು. "ಅಳತಿ ಪ್ರಕಾರ ಹೊಲದ್ರ ಕೂಡೂದಿಲ್ಲ. ಈಕಿಗೆ ಕುತ್ತಿಗಿ ಹೆಗಲಮಟಾ ಅಗಲ ಐತಿ. ಎರಡೂ ಕಡಿ ಬಿಡಿಸಿ ಕತ್ತರಸಬೇಕು."

ನಾನು ಹುಡುಗಿಯನ್ನು ನೋಡುತ್ತಲೇ ಇದ್ದೆ, ಎಂಟು ತಿಂಗಳಿಂದ. ಅವಳ ಹಿಂದೆ ನಿಂತು ಕೂದಲು ಎತ್ತಿ ಕುತ್ತಿಗೆಯನ್ನು ನೋಡಿರಲಿಲ್ಲ. ಈಗ ನೋಡಿದೆ. ಕಿವಿಯ ಕೆಳಗಿನಿಂದ ಹೆಗಲಿಗೆ ಚರ್ಮದ ಮಡಿಕೆ ಇಳಿದಿತ್ತು. ಕೂದಲ ಅಂಚು ತೀರ ಕೆಳಗೆ ಬಂದಿತ್ತು. ಕೈ ನೀಡು ಎಂದೆ. ಮೊಣಕೈ ಹೊರಗಡೆಗೆ ಬಾಗಿತು. ಮಂಚದ ಮೇಲೆ ಮಲಗಿಸಿ ತಾಯಿಯ ಟೇಪಿನಿಂದಲೇ ಅಳೆದೆ. ನೆಟ್ಟಗೆ ನಿಲ್ಲಲಾರಳು, ಅಳತೆ ಸರಿ ಬರುವುದಿಲ್ಲ ಎಂದು ಪ್ರತಿ ಸಲ ಗೀಟು ಎಳೆದಿದ್ದೆನಲ್ಲ, ಮಲಗಿಸಿ ಅಳೆಯಲು ಎರಡು ನಿಮಿಷ ಸಾಕಾಯಿತು. ತೊಂಬತ್ತೊಂಬತ್ತು ಸೆಂಟಿಮೀಟರು. ನಾಲ್ಕು ವರ್ಷದ ಮಗುವಿನ ಎತ್ತರ. ಕಾಗದದಲ್ಲಿ ಅದನ್ನು ಮೂರನೆಯ ಗೀಟಿನ ಮೇಲೆಯೇ ಬರೆದಿದ್ದೇನೆ.

"ಹುಟ್ಟಿದಾಗ ಕೈಕಾಲು ಬಾತಿದ್ವೇನು?"

ತಾಯಿ ಬೆರಗಾಗಿ ನೋಡಿದಳು. "ನಿಮಗ ಹೆಂಗ ಗೊತ್ತಾತ್ರಿ? ಪಾದ ಹೂರಣದ ಹೋಳಿಗಿ ಆದಂಗ ಆಗಿದ್ವು. ತೊಟ್ಟಲದಾಗ ಹಾಕೂ ದಿನ ಗೆಜ್ಜಿ ಹಿಡೀಲಿಲ್ಲ."

ಟರ್ನರ್ ಎಂದು ಕರೆಯುವ ಒಂದು ಸ್ಥಿತಿಯಿದೆ. ಅದಿರುವ ಹೆಣ್ಣು ಮಗುವಿಗೆ ಎಕ್ಸ್ ವರ್ಣತಂತು ಒಂದೇ. ಎರಡನೆಯದು ತಂದೆಯಿಂದಲೋ ತಾಯಿಯಿಂದಲೋ ಬರಬೇಕಾಗಿದ್ದದ್ದು ಬಂದಿರುವುದಿಲ್ಲ. ಯಾರ ತಪ್ಪೂ ಅಲ್ಲ, ಸಂಬಂಧದ ಮದುವೆಗೂ ಅದಕ್ಕೂ ಕೊಂಡಿಯಿಲ್ಲ. ಅಂಥ ಹುಡುಗಿಗೆ ಇರುವ ಒಂದೇ ಎಕ್ಸ್ ಕೆಟ್ಟದ್ದಾಗಿದ್ದರೆ ಸಂಭಾಳಿಸಲು ಇನ್ನೊಂದಿಲ್ಲ. ಆಕೆಗೆ ಗಂಡು ಮಕ್ಕಳಿಗೆ ಬರುವಂತೆಯೇ ಡುಶೆನ್ ಬರುತ್ತದೆ. ಇಷ್ಟು ಓದಿದ್ದು ನೆನಪಿತ್ತು. ಎಂದಾದರೂ ಕಾಣುತ್ತೇನೆ ಎಂದು ಎಣಿಸಿರಲಿಲ್ಲ.

ವರ್ಣತಂತು ಎಣಿಸುವುದಕ್ಕೆ ಜೀವಂತ ಕಣಗಳು ಬೇಕು. ರಕ್ತವನ್ನು ಹಸಿರು ಮುಚ್ಚಳದ ಕೊಳವೆಯಲ್ಲಿ ಕಳಿಸಬೇಕು. ನೇರಳೆ ಮುಚ್ಚಳದ್ದು ಜೀನಿನ ಪರೀಕ್ಷೆಗೆ. ನಾಲ್ಕನೆಯ ದಿನ ಪ್ರಯೋಗಾಲಯದವರು ಫೋನು ಮಾಡಿ, ಕಣಗಳು ಬೆಳೆಯುವುದಿಲ್ಲ, ನೇರಳೆಯದರಲ್ಲಿ ಕಳಿಸಿದ್ದೀರಿ ಎಂದರು. ನರ್ಸು ಅವಸರದಲ್ಲಿ ತಪ್ಪು ಕೊಳವೆ ಕೊಟ್ಟಳು ಎಂದು ನಾನು ಬಹಳ ದಿನ ಹೇಳುತ್ತಿದ್ದೆ. ಕೋರಿಕೆಯ ನಮೂನೆಯಲ್ಲಿ ಕೊಳವೆಯ ಜಾಗದಲ್ಲಿ 'ನೇರಳೆ' ಎಂದು ಬರೆದವನು ನಾನು. ಮತ್ತೆ ರಕ್ತ ತೆಗೆದೆವು. ಹುಡುಗಿ ತೋಳು ಕೊಡಲಿಲ್ಲ. "ಅವತ್ತ ಒಯ್ದದ್ದು ಏನ ಮಾಡಿದ್ರಿ? ಕಳದ್ರೇನು?" ಎಂದು ಕೇಳಿದಳು. ಹೌದು, ಕಳೆದೆ ಎಂದೆ. ಆಮೇಲೆ ಕೊಟ್ಟಳು.

ಮೂರು ವಾರ. ನಲವತ್ತಾರು ವರ್ಣತಂತು ಇರಬೇಕಾದಲ್ಲಿ ನಲವತ್ತೈದು, ಎಕ್ಸ್ ಒಂದೇ. ಎಣಿಸಿದ ಎಲ್ಲ ಕಣಗಳಲ್ಲೂ ಹಾಗೆಯೇ.

ಆ ಗುರುವಾರ ತಾಯಿಗೆ ಇದನ್ನೆಲ್ಲ ಚಿತ್ರ ಬರೆದು ವಿವರಿಸಿದೆ. ಇನ್ನು ಡುಶೆನ್ ಜೀನಿನ ಪರೀಕ್ಷೆ ಮಾಡಬೇಕು, ಅದೂ ಇದ್ದರೆ ಬಹುಶಃ ನಿನ್ನ ಕಡೆಯಿಂದ ಬಂದಿರಬಹುದು, ನಿನಗದು ತೊಂದರೆ ಮಾಡಿಲ್ಲ ಅಷ್ಟೇ, ಎಂದೆ.

"ಒಂದ ಕೂಸಿಗೆ ಎರಡೆರಡ ಯಾಕ್ರಿ ಸರ?" ಎಂದಳು.

"ಒಂದು ಇನ್ನೊಂದನ್ನ ತಂದಿಲ್ಲವ್ವ. ಮುಚ್ಚಿಕೊಂಡು ಇರಬೇಕಾಗಿದ್ದು ಇದರಿಂದ ಹೊರಗ ಕಂಡೈತಿ, ಅಷ್ಟ."

ಅವಳು ಚಿತ್ರದ ಮೇಲೆ ಬೆರಳಾಡಿಸಿದಳು. ಆಮೇಲೆ, ತನಗೇ ಹೇಳಿಕೊಳ್ಳುವಂತೆ, "ನನ್ನ ಕಡಿಂದ ಅಂದ್ರ ನಮ್ಮವ್ವನ ಕಡಿಂದ. ತಂಗಿಗೆ ಈಗ ಎರಡ ತಿಂಗಳ್ರಿ," ಎಂದಳು.

ನಕ್ಕೋತ ಮದುವೆಯಾದ ತಂಗಿ. ಎಕ್ಸ್‌ನಲ್ಲಿ ಬರುವ ರೋಗಕ್ಕೆ ಗಂಡ ಹೊರಗಿನವನೋ ಒಳಗಿನವನೋ ಲೆಕ್ಕವಿಲ್ಲ. ತಂಗಿಯೂ ಅದನ್ನು ಹೊತ್ತಿದ್ದರೆ ಹುಟ್ಟುವ ಪ್ರತಿ ಗಂಡು ಮಗುವಿಗೂ ಅರ್ಧಕ್ಕರ್ಧ ಅಪಾಯ. ನಾನು ಕೊಟ್ಟ ಧೈರ್ಯಕ್ಕೆ ಬುಡವೇ ಇರಲಿಲ್ಲ.

ಬಾಗಲಕೋಟೆಗೆ ಮರಳುವ ದಾರಿಯಲ್ಲಿ ಕಮತಗಿಯಲ್ಲಿ ಇಳಿದೆ. ಅಕ್ಕತಂಗಿಯರ ತವರು ಅಲ್ಲಿ. ಅವರ ತಾಯಿ, ಹುಡುಗಿಯ ಅಜ್ಜಿ, ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದರು. ಮಗಳು ಫೋನು ಮಾಡಿ ನಾನು ಬರುತ್ತೇನೆಂದು ತಿಳಿಸಿದ್ದಳು. ಚಹಾ ಬಂತು. ನಕ್ಷೆಯಲ್ಲಿನ ಅಣ್ಣನ ಚೌಕ ಈಗ ನನಗೆ ಬೇರೆಯಾಗಿ ಕಾಣುತ್ತಿತ್ತು. ಹುಣಸೆ ಮರ ಎಲ್ಲಿತ್ತು ಎಂದು ಕೇಳಿದೆ.

"ಕಡದಾರ್ರಿ."

"ಎಷ್ಟು ಎತ್ತರ ಹತ್ತಿದ್ದ ಮಗ?"

ಅಜ್ಜಿ ಮೊರದ ಜೋಳವನ್ನು ಎರಡು ಸಲ ಕೇರಿದರು. "ಗಿಡ ಹತ್ತಾಕ ಕಾಲ ಬೇಕಲ್ರಿ ಸಾಹೇಬ್ರ," ಎಂದರು. "ಎಂಟ ವರ್ಷಕ್ಕ ಈ ಕಟ್ಟಿ ಹತ್ತತಿದ್ದಿಲ್ಲ ನನ್ನ ಮಗ. ಹನ್ನೆರಡಕ್ಕ ಕುಂತುಬಿಟ್ಟ."

"ಮತ್ತ ದೊಡ್ಡ ಮಗಳು ಕಣ್ಣಾರೆ ನೋಡೇನಿ ಅಂತಾಳ?"

"ಆಕಿ ಆಗ ಮೊಲಿ ಕುಡೀತಿದ್ಳು. ಬುದ್ಧಿ ಬಂದಾಗಿಂದ ಅವ ಕುಂತದ್ದನ್ನ ನೋಡ್ಯಾಳ. ನಾ ಹೇಳಿ ಹೇಳಿ ಗಿಡ ಆಕಿ ಕಣ್ಣಾಗ ಬೆಳದೈತಿ."

"ಯಾಕ ಹೇಳಿದ್ರಿ ಅಜ್ಜಿ?"

"ಎರಡ ಹೆಣ್ಣ ಇದ್ವಲ್ಲ. ಬಿದ್ದು ಸತ್ತ ಅಂದ್ರ ಮಂದಿ ಅಯ್ಯೋ ಪಾಪ ಅಂತಾರ. ಜಡ್ಡಿನ ಮನಿ ಅಂದ್ರ ಹೆಣ್ಣ ಒಯ್ಯೂದಿಲ್ಲ." ಕಣ್ಣು ಒರೆಸಿಕೊಳ್ಳಲಿಲ್ಲ, ಧ್ವನಿ ಏರಿಸಲಿಲ್ಲ. "ಸಣ್ಣಾಕಿಗೆ ಹೇಳಬ್ಯಾಡ್ರಿ. ಬಸುರಿ ಅದಾಳ. ಅವರ ಮನ್ಯಾಗ ತಿಳದ್ರ ತಿರಗಿ ಕಳಸ್ತಾರ."

ಅವರನ್ನು ದೂರುವ ಹಕ್ಕು ನನಗಿರಲಿಲ್ಲ. ಮಗನನ್ನು ಮರ ಹತ್ತಿಸಿದ್ದು ಹೆಣ್ಣುಮಕ್ಕಳಿಗಾಗಿ. ನಾನು ಎರಡು ಗೆರೆ ಎಳೆದು ಯೋಚನೆ ನಿಲ್ಲಿಸಿದ್ದು ಯಾರಿಗಾಗಿಯೂ ಅಲ್ಲ.

"ಅವರ ಮನಿಯವರಿಗೆ ನಾ ಹೇಳೂದಿಲ್ಲ," ಎಂದೆ. "ನಿಮ್ಮ ಮಗಳಿಗೆ ಹೇಳೂದು ಬಿಡೂದು ಇನ್ನೂ ಗೊತ್ತಿಲ್ಲ."

ಖರೆ ಎಂದರೆ ಗೊತ್ತಿರಲಿಲ್ಲ. ಹುಬ್ಬಳ್ಳಿಯಲ್ಲಿ ಈ ರೋಗಗಳನ್ನೇ ನೋಡುವ ಹಿರಿಯ ತಜ್ಞರೊಬ್ಬರಿದ್ದಾರೆ. ಫೋನಿನಲ್ಲಿ ಕೇಳಿದೆ. ಅವರ ಉತ್ತರ ಪುಸ್ತಕದ ಪ್ರಕಾರ ನೂರಕ್ಕೆ ನೂರು ಸರಿ: ಮೊದಲು ಮಗುವಿನ ಪರೀಕ್ಷೆ. ಅದರಲ್ಲಿ ದೋಷ ಕಂಡರೆ ತಾಯಿಯದು. ತಾಯಿಯಲ್ಲೂ ಕಂಡರೆ ಆಮೇಲೆ ತಂಗಿಯದು. ಮಗುವಿನಲ್ಲೇ ಏನೂ ಕಾಣದಿದ್ದರೆ ಬಸುರಿ ಹೆಣ್ಣುಮಗಳನ್ನು ಸುಮ್ಮನೆ ಹೆದರಿಸಿದಂತಾಗುತ್ತದೆ.

ಲೆಕ್ಕ ಹಾಕಿದೆ. ಒಂದೊಂದು ಮೆಟ್ಟಿಲಿಗೆ ಎರಡೂವರೆ, ಮೂರು ವಾರ. ಮೂರು ಮೆಟ್ಟಿಲು ಮುಗಿಯುವ ಹೊತ್ತಿಗೆ ಆಕೆಗೆ ನಾಲ್ಕು ತಿಂಗಳು ದಾಟಿರುತ್ತದೆ. ದೋಷವಿದ್ದರೆ ಹೊಟ್ಟೆಯೊಳಗಿನ ಮಗುವಿನ ಪರೀಕ್ಷೆಯನ್ನು ಅದಕ್ಕೆಂದೇ ನೋಂದಣಿಯಾದ ಕೇಂದ್ರದಲ್ಲಿ ಮಾಡಿಸಬೇಕು; ಅದಕ್ಕೂ ವಾರಗಳು ಬೇಕು. ಮಾಡಿಸುವುದೋ ಬೇಡವೋ, ಮಾಡಿಸಿದ ಮೇಲೆ ಏನೋ, ಅದು ಆಕೆಯ ಮಾತು. ಆದರೆ ಯೋಚಿಸಲು ದಿನಗಳೇ ಉಳಿಯದಂತೆ ಮಾಡಿದರೆ ಆ ಮಾತನ್ನು ನಾನೇ ಆಡಿದಂತೆ.

ಸುಮ್ಮನಿರುವ ದಾರಿಯೂ ಇತ್ತು, ಅದನ್ನೂ ಬರೆಯಬೇಕು. ಆಕೆ ನನ್ನ ರೋಗಿಯಲ್ಲ. ನನ್ನ ಧೈರ್ಯದ ಮಾತಿಗೆ ಚೀಟಿಯಿಲ್ಲ. ಕ್ರಮ ತಪ್ಪದೆ ಹೋದರೆ ಯಾರೂ ನನ್ನನ್ನು ಕೇಳುವವರಿರಲಿಲ್ಲ.

ಶಿರೂರು ದಾಟುವಾಗ ಕಾರಿನಲ್ಲೇ ನಿರ್ಧರಿಸಿದೆ ಎಂದು ಕೆಲವರಿಗೆ ಹೇಳಿದ್ದೇನೆ. ಕಿಟಕಿಯ ಹೊರಗೆ ಹೊಲಗಳು, ಒಳಗೆ ನಿರ್ಧಾರ, ಹೇಳಲು ಚೆನ್ನಾಗಿರುತ್ತದೆ. ಫೋನು ತೆಗೆದು ನೋಡಿದರೆ ತಾಯಿಗೆ ಕರೆ ಮಾಡಿದ್ದು ಮರುದಿನ ಮಧ್ಯಾಹ್ನ, ಹುಬ್ಬಳ್ಳಿಯ ತಜ್ಞರಿಗೆ ಇನ್ನೂ ಎರಡು ಸಲ ಕರೆ ಮಾಡಿದ ಮೇಲೆ. ಮೂವರ ರಕ್ತವನ್ನೂ ಒಂದೇ ದಿನ ಕಳಿಸುತ್ತೇನೆ ಎಂದು ತಜ್ಞರಿಗೆ ಹೇಳಿದೆ. "ಹೆದರಿಸೋರು ನೀವು, ನಾನಲ್ಲ," ಎಂದರು ಅವರು. ಆಮೇಲೆ ಯಾವ ಪ್ರಯೋಗಾಲಯ ಬೇಗ ಕೊಡುತ್ತದೆ ಎಂಬುದನ್ನೂ ಹೇಳಿದರು.

ತಂಗಿಯನ್ನು ಬಾಗಲಕೋಟೆಗೆ ಕರೆಸಿದ್ದು ಅಕ್ಕನೇ. ಒಬ್ಬಳೇ ಬಾ ಎಂದು ಹೇಳಿಸಿದ್ದೆ. ಶನಿವಾರ ಗಂಡನ ಜೊತೆ ಬಂದಳು. ಕೆರೂರಿನಲ್ಲಿ ಫ್ಯಾನು, ಮಿಕ್ಸರುಗಳ ಅಂಗಡಿ ಇಟ್ಟಿರುವ ದಪ್ಪ ಮೀಸೆಯ ಯುವಕ. ಅವನು ಸ್ವಲ್ಪ ಹೊರಗೆ ಕೂರಲಿ ಎಂದೆ.

"ಇರಲಿ ಬಿಡ್ರಿ," ಎಂದಳು. "ನಾ ಕೇಳೂದು ಅವರೂ ಕೇಳಲಿ."

ನಾನು ಮೊದಲಿನಿಂದ ಹೇಳಿದೆ. ಅಣ್ಣನ ಮರದ ಸಂಗತಿ ಹೇಳುವಾಗ ಅವಳು ತಲೆ ತಗ್ಗಿಸಿದಳು, ಆದರೆ ನಿಲ್ಲಿಸಿ ಎನ್ನಲಿಲ್ಲ. ಕೊನೆಗೆ, "ಅವತ್ತ ನಾ ಕೇಳಿದಾಗ ನೀವು ಚಿಂತಿ ಬಿಡು ಅಂದ್ರಿ," ಎಂದಳು.

"ಅಂದೆ. ತಪ್ಪು ಹೇಳಿದೆ. ನನಗ ಗೊತ್ತಿದ್ದದ್ದು ಅರ್ಧ, ಮಾತು ಪೂರಾ ಆಡಿಬಿಟ್ಟೆ."

ಗಂಡ ಮೊದಲ ಬಾರಿ ಬಾಯಿಬಿಟ್ಟ. "ಯಾರಿಗೂ ಗ್ಯಾರಂಟಿ ಕೊಡಬಾರ್ದ್ರಿ ಸರ. ನಾವು ಫ್ಯಾನಿಗೂ ಬರದು ಕೊಡ್ತೇವಿ, ಬಾಯಿ ಮಾತಿಲೆ ಕೊಡೂದಿಲ್ಲ."

ಅವನು ಹೆಂಡತಿಯ ಕಡೆ ತಿರುಗಿದ. "ನೀ ಮೊದಲ ರಕ್ತಾ ಕೊಡು. ಅಪ್ಪಗ ನಾ ಹೇಳ್ತೇನಿ, ಯಾವಾಗ ಹೇಳಬೇಕು ಆವಾಗ."

"ನಿಮ್ಮವ್ವಗ?"

"ಅವ್ವಗ ಹೇಳಿದ್ರ ಊರಿಗೆಲ್ಲ ಹೇಳಿದಂಗ. ಅದನ್ನ ಆಮ್ಯಾಲ ನೋಡೂನು."

ಅವಳು ನಕ್ಕಳು. ತೋಳು ಚಾಚಿದಳು. ಅಂದೇ ಬೆಳಿಗ್ಗೆ ಅಕ್ಕ, ಹುಡುಗಿ ಕೊಟ್ಟದ್ದೂ ಸೇರಿ ಮೂರು ಕೊಳವೆ, ಮೂರೂ ನೇರಳೆ ಮುಚ್ಚಳದವು. ಈ ಸಲ ನಮೂನೆಯನ್ನು ನರ್ಸಿನಿಂದ ಗಟ್ಟಿಯಾಗಿ ಓದಿಸಿದೆ.

ಹದಿನೇಳು ದಿನ ಕಾದೆವು. ಆ ದಿನಗಳಲ್ಲಿ ಹುಡುಗಿಯ ಎದೆಯ ಸ್ಕ್ಯಾನು ಮಾಡಿಸಿದೆವು. ಡುಶೆನ್ ಹೃದಯದ ಸ್ನಾಯುವನ್ನು ಹಿಡಿಯುತ್ತದೆ, ಟರ್ನರ್ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವನ್ನು, ಎರಡನ್ನೂ ನೋಡಬೇಕಿತ್ತು. ಸದ್ಯಕ್ಕೆ ಎರಡೂ ಚೆನ್ನಾಗಿದ್ದವು.

ವರದಿಗಳು ಒಟ್ಟಿಗೆ ಬಂದವು. ಹುಡುಗಿಯ ಡುಶೆನ್ ಜೀನಿನಲ್ಲಿ ನಲವತ್ತೆಂಟರಿಂದ ಐವತ್ತರವರೆಗಿನ ತುಂಡುಗಳು ಇಲ್ಲ. ತಾಯಿಯ ಎರಡು ಪ್ರತಿಗಳಲ್ಲಿ ಒಂದರಲ್ಲಿ ಅದೇ ಮೂರು ತುಂಡುಗಳು ಇಲ್ಲ. ತಂಗಿಯ ಎರಡೂ ಪ್ರತಿಗಳು ಪೂರ್ತಿಯಾಗಿವೆ. ಮೂರನೆಯ ಕಾಗದವನ್ನು ಹೆಸರು, ವಯಸ್ಸು, ಕೊಳವೆಯ ಸಂಖ್ಯೆ ಸಮೇತ ಮೂರು ಸಲ ಓದಿದೆ. ಅಷ್ಟಕ್ಕೂ ನಂಬಿಕೆಯಾಗದೆ ಪ್ರಯೋಗಾಲಯಕ್ಕೆ ಫೋನು ಮಾಡಿ ಓದಿಸಿದೆ.

ಅಕ್ಕನಿಗೆ ಅವಳ ಮತ್ತು ಮಗಳ ವರದಿಯನ್ನು ಗುರುವಾರ ಇಲಕಲ್ಲಿನಲ್ಲೇ ತಿಳಿಸಿದೆ. ಸ್ಟಿರಾಯ್ಡ್ ಮಾತ್ರೆ ಶುರು ಮಾಡಿದೆ. ರೋಗ ನಿಲ್ಲುವುದಿಲ್ಲ, ನಡೆಯುವ ವರ್ಷಗಳು ಕೆಲವು ಹೆಚ್ಚಾಗಬಹುದು ಎಂದೆ. ಇನ್ನು ಬಾಯಿ ಮಾತಿನ ಗ್ಯಾರಂಟಿ ಕೊಡುವುದಿಲ್ಲ ಎಂದು ಅದನ್ನೇ ಕಾಗದದಲ್ಲೂ ಬರೆದುಕೊಟ್ಟೆ. ತಂಗಿಯದು ಏನಾಯಿತು ಎಂದು ಅವಳು ಕೇಳಿದಳು. ಅದನ್ನು ತಂಗಿಗೇ ಮೊದಲು ಹೇಳಬೇಕು ಎಂದೆ.

ಮರುದಿನ ತಂಗಿ, ಅವಳ ಗಂಡ ಬಾಗಲಕೋಟೆಗೆ ಬಂದರು. ಹೇಳಿದೆ. ಗಂಡ ಎದ್ದು ನಿಂತು ನನ್ನ ಕೈ ಹಿಡಿದು ಕುಲುಕಿದ. ಅವಳು ಕುಳಿತೇ ಇದ್ದಳು.

"ಹಂಗಾರ ಅಕ್ಕಗ ಅಷ್ಟ ಐತಿ."

"ಹೌದವ್ವ."

"ಇಬ್ಬರೂ ಒಂದ ಹೊಟ್ಟ್ಯಾಗ ಹುಟ್ಟೇವಲ್ರಿ."

"ಕೂಸಿಗೆ ಯಾವ ಪ್ರತಿ ಬರ್ತೈತಿ ಅನ್ನೂದು ಯಾ ತಾಯಿ ಕೈಯಾಗೂ ಇಲ್ಲ."

ಅವಳು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿಟ್ಟಳು. "ಈ ಸುದ್ದಿ ಆಕಿಗೆ ಯಾವ ಬಾಯಿಲೆ ಹೇಳ್ಲಿ?"

"ನಾನು ಫೋನು ಮಾಡ್ತೇನಿ."

"ಬ್ಯಾಡ್ರಿ."

ಬಾಗಿಲಿನವರೆಗೆ ಹೋದೆ. ಕೆರೂರಿನ ಬಸ್ಸಿಗೆ ಹೊತ್ತಾಯಿತು ಎಂದು ಗಂಡ ಅವಸರ ಮಾಡಿದ. "ಕೆರೂರಿಗಲ್ಲ," ಎಂದಳು. "ಇಲಕಲ್ಲಿಗೆ ಹೋಗೂನು." ಅಂಗಡಿ, ಎಂದು ಶುರು ಮಾಡಿದ ಅವನು ಅವಳ ಮುಖ ನೋಡಿ, ಇಲಕಲ್ಲಿನ ಬಸ್ಸು ಎಷ್ಟು ಹೊತ್ತಿಗೆ ಎಂದು ನನ್ನನ್ನು ಕೇಳಿದ.

ಅಲ್ಲಿ ಏನು ಮಾತಾಯಿತೋ ನಾನು ನೋಡಲಿಲ್ಲ. ಕಲ್ಪಿಸಿ ಬರೆಯುವುದು ಕಷ್ಟವೇನಲ್ಲ, ಎರಡು ವರ್ಷ ಕಳೆದರೆ ಅದೇ ನೆನಪೂ ಆಗಿಬಿಡುತ್ತದೆ. ಆದ್ದರಿಂದ ಬರೆಯುವುದಿಲ್ಲ. ಮುಂದಿನ ಗುರುವಾರ ಅಕ್ಕ ಮಗಳನ್ನು ಕರೆದುಕೊಂಡು ಮಾತ್ರೆಯ ತಪಾಸಣೆಗೆ ಬಂದಳು. ರಕ್ತದೊತ್ತಡ ನೋಡಿದೆ, ತೂಕ ನೋಡಿದೆ, ಹುಡುಗಿಯನ್ನು ಮಲಗಿಸಿ ಎತ್ತರ ಅಳೆದೆ. ಎಲ್ಲ ಮುಗಿದ ಮೇಲೆ, ತಂಗಿ ಬಂದಿದ್ದಳೇ ಎಂದು ಕೇಳಿದೆ.

"ಬಂದಿದ್ಳರಿ."

"ಏನಂದ್ಳು?"

"ಏನೂ ಅನ್ನಲಿಲ್ಲ. ಬಾಗಲದಾಗ ಬಂದು ನಿಂತ್ಳು. ಮಾರಿ ನೋಡಿದ್ ಕೂಡ್ಲೆ ನನಗ ತಿಳೀತು." ಹುಡುಗಿಯ ಕಾಲಿಗೆ ಕಟ್ಟಿನ ಪಟ್ಟಿ ಬಿಗಿಯುತ್ತ ಹೇಳಿದಳು. "ನಾನ ಮೊದಲ ನಕ್ಕೆ. ಇಲ್ಲಂದ್ರ ಆಕಿ ಹೆಂಗ ನಗಬೇಕ್ರಿ ಪಾಪ?"